ಐದೇ ಜನರ ಕಾವಲು: ಎಲ್‌ಎಸ್‌ಯು ತಂಡದ 2019ರ ಸೀಸನ್

(ಉಪನ್ಯಾಸದ ಬರಹ ರೂಪ)

ಲೂಸಿಯಾನ ರಾಜ್ಯದ ಬ್ಯಾಟನ್ ರೂಜ್ ಊರಿನಲ್ಲಿರುವ ಲೂಸಿಯಾನ ಸ್ಟೇಟ್ ಯೂನಿವರ್ಸಿಟಿಯ (ಎಲ್‌ಎಸ್‌ಯು) ಅಮೆರಿಕನ್ ಫುಟ್‌ಬಾಲ್ ತಂಡ 2019ರ ಆಗಸ್ಟ್ 31ರಿಂದ 2020ರ ಜನವರಿ 13ರವರೆಗೆ 15 ಪಂದ್ಯ ಆಡಿತು, ಹದಿನೈದನ್ನೂ ಗೆದ್ದಿತು. ಗಳಿಸಿದ ಅಂಕ 726. ಕಾಲೇಜು ಫುಟ್‌ಬಾಲಿನ ಮೇಲಿನ ದರ್ಜೆಯಲ್ಲಿ ಅದುವರೆಗಿನ ದಾಖಲೆ 2013ರ ಫ್ಲಾರಿಡಾ ಸ್ಟೇಟ್ ತಂಡದ 723. ಎಲ್‌ಎಸ್‌ಯು ಅದನ್ನೂ ದಾಟಿತು.

ಅದಕ್ಕೆ ಹಿಂದಿನ ವರ್ಷವೂ ಮುಖ್ಯ ಕೋಚ್ ಇದೇ ಎಡ್ ಓರ್ಜರಾನ್, ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು, ಇದೇ ಜೋ ಬರೋ, ಹುಡುಗರೂ ಹೆಚ್ಚುಕಡಿಮೆ ಇವರೇ. ಆಗ 10 ಗೆಲುವು, 3 ಸೋಲು. ಕೆಟ್ಟದ್ದೇನೂ ಅಲ್ಲ, ಆದರೆ ಯಾರೂ ನೆನಪಿಟ್ಟುಕೊಳ್ಳುವಂಥದ್ದೂ ಅಲ್ಲ. ಒಂದು ವರ್ಷದಲ್ಲಿ ಏನು ಬದಲಾಯಿತು? ಇವತ್ತು ನಾವು ನೋಡಬೇಕಾದದ್ದು ಅಷ್ಟೇ. ಬ್ಯಾಂಡು, ಚಿಯರ್‌ಲೀಡರ್‌ಗಳು, 1,02,321 ಜನ ಕೂರುವ ಟೈಗರ್ ಸ್ಟೇಡಿಯಂ, ಇವೆಲ್ಲ ಟೀವಿಯಲ್ಲಿ ಚೆನ್ನಾಗಿಯೇ ಕಾಣುತ್ತವೆ. ಅದನ್ನು ಅಲ್ಲಿಗೇ ಬಿಡೋಣ.

ಆಟ ಗೊತ್ತಿಲ್ಲದವರಿಗಾಗಿ ನಿಯಮಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಒಂದೊಂದು ಕಡೆ 11 ಜನ. ಅಂಕಣದ ಉದ್ದ 100 ಗಜ, ಎರಡು ತುದಿಯಲ್ಲೂ 10 ಗಜದ ಎಂಡ್ ಜೋನ್. ಚೆಂಡು ಕೈಲಿರುವ ತಂಡಕ್ಕೆ ನಾಲ್ಕು ಅವಕಾಶ; ಒಂದೊಂದಕ್ಕೂ ಡೌನ್ ಎನ್ನುತ್ತಾರೆ. ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಚೆಂಡು ಎದುರಾಳಿಗೆ. ಓವರ್ ಮುಗಿಯುವುದರೊಳಗೆ ಇಷ್ಟು ರನ್ ಬಾರದಿದ್ದರೆ ಬ್ಯಾಟಿಂಗೇ ಹೋಯಿತು ಎನ್ನುವ ಕ್ರಿಕೆಟ್ ಊಹಿಸಿಕೊಳ್ಳಿ. ಎಂಡ್ ಜೋನ್ ಮುಟ್ಟಿದರೆ ಟಚ್‌ಡೌನ್, 6 ಅಂಕ. ಮೇಲೆ ಒದ್ದು ಒಂದು ಅಥವಾ ಇನ್ನೊಮ್ಮೆ ಆಡಿ ಎರಡು. ಕಂಬದ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಮೂರನೇ ಡೌನಿಗೆ ಇನ್ನೂ ಏಳೆಂಟು ಗಜ ಬಾಕಿ ಎಂದರೆ ಎಸೆಯಲೇಬೇಕು. ಎಸೆಯುತ್ತಾರೆಂಬುದು ಎದುರಾಳಿಗೂ ಗೊತ್ತು. ಕೋಚ್‌ಗಳ ತಲೆನೋವೆಲ್ಲ ಈ ಮೂರನೇ ಡೌನಿನದೇ.

ಇನ್ನೊಂದು ನಿಯಮ ನಮಗೆ ಬೇಕೇ ಬೇಕು. ಚೆಂಡು ಹಿಡಿದ ತಂಡದ ಹನ್ನೊಂದರಲ್ಲಿ ಐವರು ಲೈನ್‌ಮ್ಯಾನ್‌ಗಳು. ಅವರು ಮುಂದೆ ಹಾರಿದ ಎಸೆತವನ್ನು ಹಿಡಿಯುವಂತಿಲ್ಲ, ತಡೆಯುವುದಷ್ಟೇ ಕೆಲಸ. ಕ್ವಾರ್ಟರ್‌ಬ್ಯಾಕ್ ಒಬ್ಬರನ್ನು ಬಿಟ್ಟರೆ ಉಳಿದವರು ಐವರು. ಈ ಐವರನ್ನು ಏನು ಮಾಡಬೇಕು? ಹಳೆಯ ಎಲ್‌ಎಸ್‌ಯು ಒಬ್ಬಿಬ್ಬರನ್ನು ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲೇ ಕಾವಲಿಗೆ ಇಟ್ಟುಕೊಳ್ಳುತ್ತಿತ್ತು. ಆರು ಏಳು ಜನ ಕಾಯುತ್ತಾರೆ, ಮೂರು ನಾಲ್ಕು ಜನ ಎಸೆತ ಹಿಡಿಯಲು ಓಡುತ್ತಾರೆ. ಭದ್ರವೇನೋ ಹೌದು. ಆದರೆ ಓಡುವವರು ಮೂವರೇ ಆದರೆ ಅವರನ್ನು ಇಬ್ಬಿಬ್ಬರು ಸೇರಿ ಮುಚ್ಚಬಹುದು.

2019ರ ಜನವರಿಯಲ್ಲಿ ಓರ್ಜರಾನ್ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎಂಬ ವೃತ್ತಿಪರ ತಂಡದಲ್ಲಿ ಸಹಾಯಕರಾಗಿದ್ದ 29 ವರ್ಷದ ಜೋ ಬ್ರೇಡಿಯನ್ನು ಕರೆತಂದರು. ಆಕ್ರಮಣದ ಮುಖ್ಯಸ್ಥ ಸ್ಟೀವ್ ಎನ್ಸ್‌ಮಿಂಗರ್ ಇದ್ದೇ ಇದ್ದರು. ಎಸೆತದ ಆಟದ ಹೊಣೆ ಮಾತ್ರ ಬ್ರೇಡಿಗೆ. ಇವರು ತಂದ ಬದಲಾವಣೆಯನ್ನು ಒಂದು ಸಾಲಿನಲ್ಲಿ ಹೇಳಬಹುದು: ಕಾವಲಿಗೆ ಐವರೇ ಸಾಕು, ಮಿಕ್ಕ ಐವರೂ ಓಡಲಿ.

ಹೇಳಲು ಸುಲಭ. ಕಾಯುವವರು ಐವರು, ಎದುರಾಳಿ ಆರು ಜನರನ್ನು ನುಗ್ಗಿಸಿದರೆ ಲೆಕ್ಕ ಏನಾಗುತ್ತದೆ? ಒಬ್ಬ ಯಾರ ತಡೆಯೂ ಇಲ್ಲದೆ ನೇರ ಬಂದು ಕ್ವಾರ್ಟರ್‌ಬ್ಯಾಕನ್ನು ಕೆಡವುತ್ತಾನೆ. ಸಾಮಾನ್ಯವಾಗಿ ಎರಡೂವರೆ ಸೆಕೆಂಡು ಸಿಗುವ ಕಡೆ ಎರಡೂ ಸಿಗುವುದಿಲ್ಲ. ಉಳಿಯುವ ದಾರಿ ಒಂದೇ. ಆರನೆಯವನು ಎಲ್ಲಿಂದ ಹೊರಟನೋ ಆ ಜಾಗ ಈಗ ಖಾಲಿ, ಚೆಂಡು ಅಲ್ಲಿಗೆ ಹೋಗಬೇಕು. ಅವನು ಹೊರಡುತ್ತಾನೆಂದು ಚೆಂಡು ಕೈಗೆ ಬರುವ ಮೊದಲೇ ತಿಳಿದಿರಬೇಕು, ಎಸೆತ ಹಿಡಿಯಬೇಕಾದ ರಿಸೀವರ್‌ಗೂ ಅದು ಅದೇ ಕ್ಷಣಕ್ಕೆ ಹೊಳೆದಿರಬೇಕು. ಇಬ್ಬರಲ್ಲಿ ಒಬ್ಬ ತಪ್ಪಾಗಿ ಓದಿದರೂ ಚೆಂಡು ಎದುರಾಳಿಯ ಎದೆಗೆ. ಬಹಳ ಕೋಚ್‌ಗಳು ಕಾಲೇಜು ಹುಡುಗರ ಕೈಲಿ ಇದನ್ನು ಆಡಿಸಲು ಹೆದರುವುದು ಇದಕ್ಕೇ. ಆ ಹೆದರಿಕೆ ತಪ್ಪೂ ಅಲ್ಲ.

ಮೊದಲೇ ತಿಳಿಯುವುದು ಹೇಗೆ? ಎಲ್‌ಎಸ್‌ಯು ಬಳಸಿದ ಒಂದು ಉಪಾಯವನ್ನು ಹತ್ತಿರದಿಂದ ನೋಡಿ. ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವರು, ಕ್ಲೈಡ್ ಎಡ್ವರ್ಡ್ಸ್-ಹೆಲೇರ್. ಗಿಡ್ಡ ಆಳು, ಗಟ್ಟಿ ಕಾಲು, ಹಿಡಿಯುವ ಕೈಯೂ ಒಳ್ಳೆಯದು. ಇವರನ್ನು ಕ್ವಾರ್ಟರ್‌ಬ್ಯಾಕ್ ಪಕ್ಕದಿಂದ ತೆಗೆದು ಅಂಕಣದ ಅಂಚಿಗೆ ಕಳಿಸುತ್ತಾರೆ. ಈಗ ಬರೋ ಕಣ್ಣು ಎದುರಾಳಿಯ ಮೇಲೆ. ನಡುವಿನಲ್ಲಿದ್ದ ಲೈನ್‌ಬ್ಯಾಕರ್, ಅಂದರೆ ರಕ್ಷಣೆಯ ಎರಡನೇ ಸಾಲಿನ ಆಟಗಾರ, ಇವರ ಹಿಂದೆಯೇ ಅಂಚಿಗೆ ಹೋದರೆ ಪ್ರತಿಯೊಬ್ಬರೂ ಒಬ್ಬೊಬ್ಬರನ್ನು ಹಿಡಿದಿದ್ದಾರೆ ಎಂದರ್ಥ, ಮ್ಯಾನ್ ಡಿಫೆನ್ಸ್. ಲೈನ್‌ಬ್ಯಾಕರ್ ಕದಲದೆ, ಅಂಚಿನಲ್ಲಿ ಅಲ್ಲಿನ ಕಾವಲುಗಾರ ಕಾರ್ನರ್‌ಬ್ಯಾಕೇ ನಿಂತಿದ್ದರೆ ಅವರು ಕಾಯುತ್ತಿರುವುದು ಆಳನ್ನಲ್ಲ, ಜಾಗವನ್ನು, ಜೋನ್ ಡಿಫೆನ್ಸ್. ಮ್ಯಾನ್ ಆದರೆ ಭಾರದ ಲೈನ್‌ಬ್ಯಾಕರ್ ಚುರುಕು ಹುಡುಗನ ಹಿಂದೆ ಬಯಲಲ್ಲಿ ಒಬ್ಬನೇ ಓಡಬೇಕು. ಜೋನ್ ಆದರೆ ನಡುವೆ ಎಲ್ಲಿ ಸಂದು ಎಂಬುದು ಕಾಣುತ್ತದೆ. ಆ ವರ್ಷ ಎಡ್ವರ್ಡ್ಸ್-ಹೆಲೇರ್ 1,414 ಗಜ ಓಡಿದ್ದಲ್ಲದೆ 55 ಎಸೆತ ಹಿಡಿದರು.

ಕಾಲೇಜು ಅಂಕಣದ ಅಳತೆಯೂ ಇದಕ್ಕೆ ಒದಗಿ ಬರುತ್ತದೆ. ಅಗಲ 160 ಅಡಿ. ಆಟ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಹ್ಯಾಶ್ ಗುರುತುಗಳ ನಡುವಿನ ಅಂತರ ಕಾಲೇಜಿನಲ್ಲಿ 40 ಅಡಿ. ಚೆಂಡು ಒಂದು ಗುರುತಿನ ಮೇಲಿದ್ದರೆ ಒಂದು ಕಡೆ 60 ಅಡಿ, ಇನ್ನೊಂದು ಕಡೆ 100 ಅಡಿ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಗುರುತುಗಳು ಹತ್ತಿರ ಇರುವುದರಿಂದ ಒಂದು ಕಡೆ ಸುಮಾರು 71 ಅಡಿ, ಇನ್ನೊಂದು ಕಡೆ ಸುಮಾರು 89 ಅಡಿ. ಸೇಂಟ್ಸ್ ತಂಡದಲ್ಲಿ ಕಲಿತ ಎಸೆತದ ಪಾಠವನ್ನು ಬ್ರೇಡಿ ಇನ್ನೂ ದೊಡ್ಡ ಬಯಲಿಗೆ ತಂದಂತಾಯಿತು. 100 ಅಡಿಯ ಕಡೆ ಮೂವರನ್ನು ನಿಲ್ಲಿಸಿದರೆ ಅವರ ನಡುವಿನ ಸಂದು ಮುಚ್ಚಲು ಎದುರಾಳಿ ನಡುವಿನಿಂದ ಜನ ತೆಗೆಯಬೇಕು. ತೆಗೆದರೆ ನಡುವೆ ಓಡಬಹುದು.

ಓಡುವ ಐವರೂ ಆಳುಗಳೇ. ಜಾಮಾರ್ ಚೇಸ್ ಸೀಸನ್ ಪೂರ್ತಿ ಹಿಡಿದದ್ದು 1,780 ಗಜ, 20 ಟಚ್‌ಡೌನ್. ಜಸ್ಟಿನ್ ಜೆಫರ್ಸನ್ 111 ಎಸೆತ ಹಿಡಿದು 1,540 ಗಜ. ಟೆರೇಸ್ ಮಾರ್ಷಲ್ ಮೂರನೆಯವರು, ಟೈಟ್ ಎಂಡ್, ಅಂದರೆ ಲೈನ್‌ಮ್ಯಾನ್‌ಗಳ ಪಕ್ಕದಲ್ಲೇ ನಿಲ್ಲುವ ಆಟಗಾರನ ಜಾಗದಲ್ಲಿ ಥ್ಯಾಡಿಯಸ್ ಮಾಸ್. ಎಸೆಯುವ ಬರೋ ಅದಕ್ಕೂ ಹಿಂದೆ ಒಹಾಯೊ ಸ್ಟೇಟ್‌ನಲ್ಲಿ ಮೂರು ವರ್ಷ ಹೆಚ್ಚುಕಡಿಮೆ ಬೆಂಚಿನಲ್ಲೇ ಕೂತಿದ್ದವರು. ಅಲ್ಲಿ ಪದವಿ ಮುಗಿಸಿ 2018ರಲ್ಲಿ ಬ್ಯಾಟನ್ ರೂಜ್‌ಗೆ ಬಂದರು. ಬಂದ ವರ್ಷ 100 ಎಸೆತದಲ್ಲಿ 58ರಷ್ಟು ಗುರಿ ಮುಟ್ಟಿದ್ದವು; ಟಚ್‌ಡೌನ್ 16. ಮರುವರ್ಷ 527 ಎಸೆತದಲ್ಲಿ 402 ಕೈ ಸೇರಿದವು, 5,671 ಗಜ, 60 ಟಚ್‌ಡೌನ್, ಎದುರಾಳಿ ಕೈಗೆ ಹೋದದ್ದು ಆರೇ ಆರು. ಒಂದು ವರ್ಷದಲ್ಲಿ ತೋಳಿನ ಬಲ ಇಷ್ಟು ಹೆಚ್ಚುವುದಿಲ್ಲ. ಹೆಚ್ಚಿದ್ದು ಎಸೆಯುವ ಮೊದಲು ಕಾಣುತ್ತಿದ್ದ ಜಾಗ.

ಇದನ್ನೆಲ್ಲ ಕಲಿಸಲು ಸಮಯ ಎಷ್ಟು ಎಂಬುದನ್ನೂ ನೋಡಬೇಕು. ವಸಂತದಲ್ಲಿ 15 ಅಭ್ಯಾಸ, ಆಗಸ್ಟ್ ಶಿಬಿರದಲ್ಲಿ 25. ಸೀಸನ್ ಶುರುವಾದ ಮೇಲೆ ವಾರಕ್ಕೆ 20 ಗಂಟೆಯ ಮಿತಿ, ಒಂದು ದಿನ ಕಡ್ಡಾಯ ರಜೆ. ಹುಡುಗರಿಗೆ ತರಗತಿಯೂ ಇದೆಯಲ್ಲ. ವಾರದ ಲೆಕ್ಕ ಸುಮಾರಾಗಿ ಎಲ್ಲ ಕಡೆ ಒಂದೇ: ಶನಿವಾರ ಪಂದ್ಯ, ಮರುದಿನ ಅದರ ವಿಡಿಯೊ, ಮಂಗಳವಾರ ಬುಧವಾರ ರಕ್ಷಾಕವಚ ತೊಟ್ಟು ಗಟ್ಟಿ ಅಭ್ಯಾಸ, ಗುರುವಾರ ಹಗುರ, ಶುಕ್ರವಾರ ನಡೆದಾಡಿ ಒಮ್ಮೆ ನೆನಪು ಮಾಡಿಕೊಳ್ಳುವುದು ಅಥವಾ ಪ್ರಯಾಣ. ಅಭ್ಯಾಸದಲ್ಲಿ ಎದುರಾಳಿಯ ಪಾತ್ರ ವಹಿಸುವುದು ಸ್ಕೌಟ್ ಟೀಮ್, ಅಂದರೆ ಆಡಲು ಅವಕಾಶ ಸಿಗದ ಹುಡುಗರ ಗುಂಪು. ಹೊಸ ಆಟಗಳನ್ನು ಕಲಿಸಲು ವಾರದಲ್ಲಿ ಗಟ್ಟಿಯಾಗಿ ಸಿಗುವುದು ಎರಡೇ ದಿನ. ಆದ್ದರಿಂದ ಪಟ್ಟಿ ಉದ್ದ ಮಾಡಿದಷ್ಟೂ ತಪ್ಪು ಹೆಚ್ಚು. ಬ್ರೇಡಿ ಮಾಡಿದ್ದು ಆಟಗಳ ಸಂಖ್ಯೆ ಕಡಿಮೆ ಇಟ್ಟು, ಅದೇ ಆಟವನ್ನು ಬೇರೆ ಬೇರೆ ನಿಲುವಿನಿಂದ ಶುರು ಮಾಡಿಸುವುದು. ಎದುರಾಳಿಗೆ ಪ್ರತಿಸಲವೂ ಹೊಸದು, ಹುಡುಗರಿಗೆ ಗೊತ್ತಿರುವುದೇ.

ಈಗ ಪಂದ್ಯಗಳು. ಜಾರ್ಜಿಯಾ ಸದರ್ನ್ ವಿರುದ್ಧ 55-3. ಸೆಪ್ಟೆಂಬರ್ 7ರಂದು ಆಸ್ಟಿನ್‌ನಲ್ಲಿ ಟೆಕ್ಸಸ್ ಎದುರು ನಿಜವಾದ ಪರೀಕ್ಷೆ. ಕೊನೆಗೆ ಎರಡೂವರೆ ನಿಮಿಷ ಚಿಲ್ಲರೆ ಉಳಿದಿದೆ, ಎಲ್‌ಎಸ್‌ಯು 37-31ರ ಮುನ್ನಡೆಯಲ್ಲಿದೆ. ಮೂರನೇ ಡೌನ್, ಬಾಕಿ 17 ಗಜ, ಚೆಂಡು ತನ್ನದೇ ಬದಿಯ 39ನೇ ಗಜದ ಗೆರೆಯಲ್ಲಿ. ಹಳೆಯ ಎಲ್‌ಎಸ್‌ಯು ಆಗಿದ್ದರೆ ಓಡಿಸಿ ಗಡಿಯಾರ ಕರಗಿಸಿ, ನಾಲ್ಕನೆಯದಕ್ಕೆ ಚೆಂಡು ದೂರ ಒದ್ದುಬಿಡುತ್ತಿತ್ತು. ಇಲ್ಲಿ ಎಸೆಯಲು ನಿಂತರು. ಟೆಕ್ಸಸ್ ಹೆಚ್ಚು ಜನರನ್ನು ನುಗ್ಗಿಸಿತು. ಬರೋ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದು ಜೆಫರ್ಸನ್‌ಗೆ ಎಸೆದರು, ಹಿಂದೆ ಯಾರೂ ಉಳಿದಿರಲಿಲ್ಲ, 61 ಗಜ ಟಚ್‌ಡೌನ್. ಮೇಲೆ 2 ಅಂಕ ಸೇರಿ 45-31. ಟೆಕ್ಸಸ್ ಕೊನೆಗೆ ಒಂದು ಟಚ್‌ಡೌನ್ ತೀರಿಸಿಕೊಂಡು 45-38. ಆರು ಜನರನ್ನು ನುಗ್ಗಿಸುವವರು ಕಟ್ಟಬೇಕಾದ ದಂಡ ಏನೆಂದು ಆ ರಾತ್ರಿ ಇಡೀ ದೇಶ ನೋಡಿತು.

ಸರಿ, ನುಗ್ಗಿಸಿದರೆ ಕಷ್ಟ, ನುಗ್ಗಿಸದೇ ಇದ್ದರೆ? ಅಕ್ಟೋಬರ್ 26ರಂದು ಆಬರ್ನ್ ಅದನ್ನೇ ಮಾಡಿತು. ಮುಂದೆ ಮೂವರು ಲೈನ್‌ಮ್ಯಾನ್, ಒಬ್ಬ ಲೈನ್‌ಬ್ಯಾಕರ್, ಹಿಂದೆ ಏಳು ಜನ. ಐವರು ಕಾಯುವಲ್ಲಿ ಮೂವರೇ ಬರುತ್ತಾರೆ. ಸಮಯ ಬೇಕಾದಷ್ಟಿದೆ, ಎಸೆಯಲು ಸಂದೇ ಇಲ್ಲ. 508 ಗಜ ಸಾಗಿಯೂ ಎಲ್‌ಎಸ್‌ಯುಗೆ ಬಂದದ್ದು 23 ಅಂಕ. ಗೆದ್ದದ್ದು 23-20. ಎಂಡ್ ಜೋನ್ ಹತ್ತಿರವಾದಷ್ಟೂ ಹಿಂದಿನ ಏಳು ಜನ ಕಾಯಬೇಕಾದ ಬಯಲು ಚಿಕ್ಕದಾಗುತ್ತದೆ, ಗಜ ಸಿಕ್ಕರೂ ಟಚ್‌ಡೌನ್ ಸಿಗದಿರುವುದು ಅದಕ್ಕೆ. ಮದ್ದು ಹಳೆಯದೇ: ಮುಂದೆ ಜನ ಕಡಿಮೆ ಇದ್ದರೆ ಓಡು. ಎಡ್ವರ್ಡ್ಸ್-ಹೆಲೇರ್ ಆ ದಿನ 136 ಗಜ ಓಡಿದರು. ಇಡೀ ಸೀಸನ್ನಿನಲ್ಲಿ ಈ ತಂಡಕ್ಕೆ ಎದುರಾಳಿ ಕೊಟ್ಟ ಅತ್ಯುತ್ತಮ ಉತ್ತರ ಆಬರ್ನಿನದು. ಉಳಿದವರು ಅದನ್ನೇ ಏಕೆ ನಕಲು ಮಾಡಲಿಲ್ಲ? ಮೂವರನ್ನೇ ಮುಂದಿಟ್ಟು ಓಟ ತಡೆಯಬೇಕಾದರೆ ಆ ಮೂವರಲ್ಲಿ ಒಬ್ಬರು ಡೆರಿಕ್ ಬ್ರೌನ್ ಆಗಿರಬೇಕು. ಮುಂದಿನ ಏಪ್ರಿಲ್‌ನಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಏಳನೆಯವರಾಗಿ ಆಯ್ಕೆಯಾದ ಆಳು ಅವರು. ಅಂಥವರು ಎಲ್ಲ ಕಾಲೇಜಿನಲ್ಲಿ ಇರುವುದಿಲ್ಲ.

ನಂತರ ಒಂದು ವಾರ ಬಿಡುವು. ನವೆಂಬರ್ 9ರಂದು ಟಸ್ಕಲೂಸಾದಲ್ಲಿ ಅಲಬಾಮಾ. ಅದಕ್ಕೆ ಮೊದಲು ಸತತ ಎಂಟು ಪಂದ್ಯಗಳಲ್ಲಿ ಎಲ್‌ಎಸ್‌ಯುವನ್ನು ಸೋಲಿಸಿದ್ದ ತಂಡ. ಮೊದಲರ್ಧಕ್ಕೆ ಎಲ್‌ಎಸ್‌ಯು 33-13. ಅದರಲ್ಲಿ ಎರಡು ಟಚ್‌ಡೌನ್ ಬಂದದ್ದು ಅರ್ಧದ ಕೊನೆಯ ಅರೆ ನಿಮಿಷದೊಳಗೆ. ಎಲ್‌ಎಸ್‌ಯುನ ಪ್ಯಾಟ್ರಿಕ್ ಕ್ವೀನ್ ಎದುರಾಳಿಯ ಎಸೆತ ಕಸಿದರು, ಮುಂದಿನದರಲ್ಲಿ ಎಡ್ವರ್ಡ್ಸ್-ಹೆಲೇರ್ ಎಂಡ್ ಜೋನ್ ಸೇರಿದರು. ಎರಡನೇ ಅರ್ಧದಲ್ಲಿ ಅಲಬಾಮಾ ಹಿಂಬಾಲಿಸಿ 39-34ರವರೆಗೆ ಬಂತು. ಇಲ್ಲಿ ಎಲ್‌ಎಸ್‌ಯು ಮಾಡಿದ್ದು ಗಮನಿಸಿ. ಬಯಲು ಅಗಲ ಮಾಡುವ ಅದೇ ನಿಲುವು, ಆದರೆ ಎಸೆತ ಬಿಟ್ಟು ಓಟ. ಎಸೆತಕ್ಕೆ ಹೆದರಿ ಹರಡಿ ನಿಂತ ರಕ್ಷಣೆಯ ನಡುವೆ ನುಗ್ಗಿ, ಗಡಿಯಾರವನ್ನೂ ಕರಗಿಸಿ 46-34. ಅಲಬಾಮಾ ಮತ್ತೊಂದು ಉದ್ದ ಎಸೆತದಲ್ಲಿ 46-41 ಮಾಡಿತು. ಅಷ್ಟಕ್ಕೇ ನಿಂತಿತು. ಬರೋ 39 ಎಸೆತದಲ್ಲಿ 31 ಗುರಿ ಮುಟ್ಟಿದ್ದವು.

ಈ ತಂಡಕ್ಕೆ ಹುಳುಕೇ ಇರಲಿಲ್ಲವೆಂದು ತಿಳಿಯಬೇಡಿ. ಮರುವಾರ ಓಲ್ ಮಿಸ್ ವಿರುದ್ಧ 58-37ರಿಂದ ಗೆದ್ದರು, ಬಿಟ್ಟುಕೊಟ್ಟದ್ದು 614 ಗಜ. ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಒಬ್ಬರೇ 212 ಗಜ ಓಡಿದರು. ಡೇವ್ ಅರಾಂಡಾ ನಡೆಸುತ್ತಿದ್ದ ರಕ್ಷಣೆಯಲ್ಲಿ ಆಳು ಹಿಡಿದು ಕೆಡವುವುದೇ ತಪ್ಪುತ್ತಿತ್ತು. ರಕ್ಷಣೆಯ ಹಿಂದಿನ ಸಾಲಿನ ಗ್ರಾಂಟ್ ಡೆಲ್ಪಿಟ್ ಪಾದದ ಗಿಣ್ಣಿನ ನೋವಿನಲ್ಲಿ ಆಡುತ್ತಿದ್ದರು. ಇನ್ನೊಂದು ಕಾರಣ ಆಕ್ರಮಣದ್ದೇ. ಎರಡು ನಿಮಿಷದಲ್ಲಿ ಟಚ್‌ಡೌನ್ ಮಾಡಿ ಬಂದರೆ ನಿಮ್ಮದೇ ರಕ್ಷಣೆಯ ಹುಡುಗರು ಉಸಿರು ತಿರುಗಿಸಿಕೊಳ್ಳುವ ಮೊದಲೇ ಮತ್ತೆ ಮೈದಾನಕ್ಕೆ ಇಳಿಯಬೇಕು. ವೇಗದ ಆಟ ಹೊಗಳುವವರು ಈ ಖರ್ಚನ್ನು ಹೇಳುವುದಿಲ್ಲ. ನವೆಂಬರ್ ಕೊನೆಗೆ ರಕ್ಷಣೆ ಸುಧಾರಿಸಿತು: ಟೆಕ್ಸಸ್ ಎ ಅಂಡ್ ಎಂಗೆ ಬಿಟ್ಟದ್ದು 7 ಅಂಕ, ಡಿಸೆಂಬರ್ 7ರಂದು ಅಟ್ಲಾಂಟಾದಲ್ಲಿ ಎಸ್‌ಇಸಿ, ಅಂದರೆ ಎಲ್‌ಎಸ್‌ಯು ಆಡುವ ಲೀಗಿನ, ಫೈನಲ್‌ನಲ್ಲಿ ಜಾರ್ಜಿಯಾಗೆ 10. ಕಾರ್ನರ್‌ಬ್ಯಾಕ್ ಡೆರೆಕ್ ಸ್ಟಿಂಗ್ಲಿ ಜೂನಿಯರ್ ಮೊದಲ ವರ್ಷದ ಹುಡುಗ, ಆರು ಎಸೆತ ಕಸಿದಿದ್ದರು.

ಆಗಿನ ಕಾಲೇಜು ಪ್ಲೇಆಫ್‌ಗೆ ನಾಲ್ಕೇ ತಂಡ, ಆರಿಸುವುದು 13 ಜನರ ಸಮಿತಿ. ಎಲ್‌ಎಸ್‌ಯು ಮೊದಲ ಸ್ಥಾನ. ಡಿಸೆಂಬರ್ 28ರ ಸೆಮಿಫೈನಲ್‌ನಲ್ಲಿ ಒಕ್ಲಹೋಮಾ ವಿರುದ್ಧ ಬರೋ ಮೊದಲರ್ಧದಲ್ಲೇ ಏಳು ಟಚ್‌ಡೌನ್ ಎಸೆದರು, ನಾಲ್ಕು ಜೆಫರ್ಸನ್‌ಗೆ. 63-28. ಅದರ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಮೂರು ವಾರ ತಯಾರಿ ಸಿಕ್ಕ ಇಂಥ ಆಕ್ರಮಣಕ್ಕೆ ಸಾಧಾರಣ ರಕ್ಷಣೆ ಎದುರಾದರೆ ಹಾಗೇ ಆಗುತ್ತದೆ.

ಫೈನಲ್ ಬೇರೆ ಮಾತು. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್, ಎದುರಾಳಿ 29 ಪಂದ್ಯ ಸೋಲದ ಕ್ಲೆಮ್ಸನ್. ಅವರ ರಕ್ಷಣೆ ನಡೆಸುತ್ತಿದ್ದವರು ಬ್ರೆಂಟ್ ವೆನಬಲ್ಸ್. ರಕ್ಷಣೆಯ ಹಿಂದಿನ ಸಾಲಿನವರನ್ನು ಎಲ್ಲಿ ನಿಲ್ಲಿಸಿದ್ದಾರೋ ಅಲ್ಲಿಂದ ಚೆಂಡು ಆಡುವ ಹೊತ್ತಿಗೆ ಸರಿಸಿಬಿಡುತ್ತಿದ್ದರು. ಆಡುವ ಮೊದಲೇ ಓದುವ ಕ್ವಾರ್ಟರ್‌ಬ್ಯಾಕ್‌ಗೆ ಸುಳ್ಳು ಅಕ್ಷರ ತೋರಿಸಿದ ಹಾಗೆ. ಮೊದಲ ಕೆಲವು ಸರದಿ ಎಲ್‌ಎಸ್‌ಯು ಪರದಾಡಿತು, ಎರಡನೇ ಕ್ವಾರ್ಟರ್‌ನಲ್ಲಿ ಕ್ಲೆಮ್ಸನ್ 17-7. ಆಮೇಲೆ ಎಲ್‌ಎಸ್‌ಯು ಹಿಡಿದದ್ದು ಸರಳ ದಾರಿ: ಹಿಂದಿನವರು ಎಷ್ಟೇ ಕುಣಿದರೂ ಅಂಚಿನಲ್ಲಿ ಚೇಸ್ ಮುಂದೆ ನಿಂತಿರುವುದು ಒಬ್ಬನೇ. ಅಲ್ಲಿಗೆ ಎಸೆ. ಚೇಸ್ ಆ ರಾತ್ರಿ 221 ಗಜ ಹಿಡಿದರು. ಅರ್ಧ ಮುಗಿಯುವ ಮುನ್ನ ತನ್ನದೇ 5ನೇ ಗೆರೆಯಿಂದ ಹೊರಟ ಸರದಿಯಲ್ಲಿ, ಮೂರನೇ ಡೌನಿಗೆ 10 ಗಜ ಬಾಕಿ ಇದ್ದಾಗ, ಎಲ್ಲರೂ ರಿಸೀವರ್‌ಗಳ ಬೆನ್ನು ಹಿಡಿದು ಹೋದದ್ದು ನೋಡಿ ಬರೋ ತಾವೇ 29 ಗಜ ಓಡಿದರು. ಪಕ್ಕೆಗೆ ಪೆಟ್ಟು ಬಿತ್ತು. ಆ ಸರದಿ ಮಾಸ್‌ಗೆ ಎಸೆದ ಟಚ್‌ಡೌನ್‌ನಿಂದ ಮುಗಿದು 28-17. ಕೊನೆಗೆ 42-25. ಕ್ಲೆಮ್ಸನ್‌ನ ಟ್ರೆವರ್ ಲಾರೆನ್ಸ್ ಎಸೆದ 37ರಲ್ಲಿ 18 ಮಾತ್ರ ಗುರಿ ಮುಟ್ಟಿದವು, ಎಸೆತದ ಟಚ್‌ಡೌನ್ ಒಂದೂ ಇಲ್ಲ. ಬರೋ ಎಸೆದದ್ದು 463 ಗಜ, ಐದು ಟಚ್‌ಡೌನ್.

ಪಂದ್ಯ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬರು ಮೈದಾನದಲ್ಲೇ ಆಟಗಾರರ ಕೈಗೆ ನೋಟು ತುರುಕಿದ್ದು ದೊಡ್ಡ ರಗಳೆಯಾಯಿತು. ಕಾಲೇಜು ಆಟಗಾರರು ಹಣ ಪಡೆಯುವಂತಿರಲಿಲ್ಲ. ಒಂದೂವರೆ ವರ್ಷದ ನಂತರ, 2021ರ ಜುಲೈನಿಂದ, ಆಟಗಾರರು ತಮ್ಮ ಹೆಸರು, ಮುಖದ ಮೇಲೆ ಜಾಹೀರಾತಿನ ಹಣ ಗಳಿಸಬಹುದೆಂದು ನಿಯಮವೇ ಬದಲಾಯಿತು.

ಇನ್ನು ತಂಡ ಏನಾಯಿತು? ಕಾಲೇಜು ತಂಡಕ್ಕೆ ಆಗ ವಿದ್ಯಾರ್ಥಿವೇತನದ ಆಟಗಾರರು 85 ಜನಕ್ಕೆ ಮಿತಿ. ಒಬ್ಬೊಬ್ಬರಿಗೆ ಐದು ವರ್ಷದಲ್ಲಿ ನಾಲ್ಕು ಸೀಸನ್, ಹೈಸ್ಕೂಲ್ ಮುಗಿದು ಮೂರು ವರ್ಷವಾದರೆ ಎನ್‌ಎಫ್‌ಎಲ್‌ಗೆ ಹೋಗಬಹುದು. ಚೆನ್ನಾಗಿ ಆಡಿದಷ್ಟೂ ತಂಡ ಬೇಗ ಖಾಲಿ. 2020ರ ಡ್ರಾಫ್ಟ್‌ನಲ್ಲಿ ಈ ಒಂದೇ ತಂಡದಿಂದ 14 ಜನ ಹೋದರು, ಮೊದಲ ಸುತ್ತಿನಲ್ಲೇ ಐವರು, ಮೊದಲ ಹೆಸರೇ ಬರೋ. ಬ್ರೇಡಿ ಎನ್‌ಎಫ್‌ಎಲ್‌ನ ಕ್ಯಾರೊಲೈನಾ ತಂಡಕ್ಕೆ, ಅರಾಂಡಾ ಬೇಲರ್ ಯೂನಿವರ್ಸಿಟಿಗೆ ಮುಖ್ಯ ಕೋಚ್ ಆಗಿ. ಉಳಿಯಬೇಕಿದ್ದ ಚೇಸ್ ಕೋವಿಡ್ ವರ್ಷ ಆಡಲಿಲ್ಲ. 2020ರ ಸೆಪ್ಟೆಂಬರ್ 26ರಂದು, ಹೊಸ ಸೀಸನ್ನಿನ ಮೊದಲ ಪಂದ್ಯದಲ್ಲಿ, ಮಿಸಿಸಿಪಿ ಸ್ಟೇಟ್ ಟೈಗರ್ ಸ್ಟೇಡಿಯಂಗೇ ಬಂದು 44-34ರಿಂದ ಗೆದ್ದಿತು. ಎಲ್‌ಎಸ್‌ಯುನ ಹೊಸ ರಕ್ಷಣೆ ಒಬ್ಬರಿಗೊಬ್ಬರಂತೆ ಹಿಡಿದು ನಿಲ್ಲುವ ಹಟ ಬಿಡಲಿಲ್ಲ. ಎದುರಾಳಿ ಬಯಲಿಡೀ ಹರಡಿ ಎಸೆಯುತ್ತಲೇ ಹೋಯಿತು. ಅವರ ಕ್ವಾರ್ಟರ್‌ಬ್ಯಾಕ್ ಕೆ.ಜೆ. ಕಾಸ್ಟೆಲ್ಲೊ ಎಸೆದದ್ದು 623 ಗಜ, ಎಸ್‌ಇಸಿ ದಾಖಲೆ. ಆ ವರ್ಷ ಎಲ್‌ಎಸ್‌ಯು ಐದು ಗೆದ್ದಿತು, ಐದು ಸೋತಿತು.